ಒಂದು ಪಾರ್ಟಿಷನ್ನನ್ನು ಎನ್‌ಕ್ರಿಪ್ಟ್ ಮಾಡಬೇಕಿದೆ: ಲಕ್ಸ್ ಸಾಕೇ, ವೆರಾಕ್ರಿಪ್ಟ್ ಬೇಕೇ?

ಕಡತಪಾಲಕ:

ಎಲ್ಲರಿಗೂ ನಮಸ್ಕಾರ. ನನ್ನ ಲ್ಯಾಪ್‌ಟಾಪಿನ 1 ಟಿಬಿ ಡಿಸ್ಕಿನಲ್ಲಿ ಎರಡು ಪಾರ್ಟಿಷನ್‌ಗಳು, ಅಂದರೆ ಪ್ರತ್ಯೇಕ ವಿಭಾಗಗಳಿವೆ. ಮೊದಲನೆಯದರಲ್ಲಿ ಲಿನಕ್ಸ್ ಇದೆ. ಸುಮಾರು 600 ಜಿಬಿಯ ಎರಡನೆಯದರಲ್ಲಿ ಹತ್ತು ವರ್ಷಗಳ ದಾಖಲೆ, ಛಾಯಾಚಿತ್ರ ಮತ್ತು ಲೆಕ್ಕಪತ್ರಗಳಿವೆ. ಕಳೆದ ತಿಂಗಳು ಪ್ರಯಾಣದಲ್ಲಿ ಸ್ನೇಹಿತರೊಬ್ಬರ ಲ್ಯಾಪ್‌ಟಾಪ್ ಕಳುವಾಯಿತು. ಲಾಗಿನ್ ಪಾಸ್‌ವರ್ಡ್ ಇದೆಯಲ್ಲ ಎಂದು ಅವರು ಸಮಾಧಾನದಿಂದಿದ್ದರು. ಡಿಸ್ಕನ್ನು ಬಿಚ್ಚಿ ಬೇರೆ ಗಣಕಕ್ಕೆ ಜೋಡಿಸಿದರೆ ಆ ಪಾಸ್‌ವರ್ಡ್ ಲೆಕ್ಕಕ್ಕೇ ಬರುವುದಿಲ್ಲ ಎಂದು ಅವರಿಗೆ ವಿವರಿಸುತ್ತಿದ್ದಾಗ, ನನ್ನ ಡಿಸ್ಕಿನ ಸ್ಥಿತಿಯೂ ಅದೇ ಎಂಬುದು ನನಗೆ ಹೊಳೆಯಿತು.

ಆಕರ ಸಂಕೇತ ಮುಕ್ತವಾಗಿರುವ ತಂತ್ರಾಂಶವನ್ನೇ ಬಳಸಬೇಕೆಂಬುದು ನನ್ನ ಇಚ್ಛೆ. ಲಕ್ಸ್ ಮತ್ತು ವೆರಾಕ್ರಿಪ್ಟ್ ಎಂಬ ಎರಡು ಹೆಸರುಗಳು ಪದೇ ಪದೇ ಕಿವಿಗೆ ಬೀಳುತ್ತಿವೆ. ಎರಡರಲ್ಲಿ ಯಾವುದು ತಕ್ಕದ್ದು, ಒಳಗಿರುವ ದತ್ತಾಂಶವನ್ನು ತೆಗೆಯದೆಯೇ ಎನ್‌ಕ್ರಿಪ್ಟ್ ಮಾಡಬಹುದೇ (ಪಾಸ್‌ವರ್ಡ್ ಇಲ್ಲದೆ ಓದಲಾಗದ ಗೂಢಲಿಪಿಗೆ ತಿರುಗಿಸಬಹುದೇ), ಗಣಕ ಎಷ್ಟು ನಿಧಾನವಾಗುತ್ತದೆ ಎಂಬುದನ್ನು ಬಲ್ಲವರು ತಿಳಿಸಿಕೊಡಬೇಕು. ತಿಂಗಳಿಗೊಮ್ಮೆ ಕೆಲವು ಕಡತಗಳನ್ನು ವಿಂಡೋಸ್ ಇರುವ ಗಣಕದಲ್ಲಿಯೂ ತೆರೆಯಬೇಕಾಗುತ್ತದೆ ಎಂಬುದನ್ನೂ ಗಮನಿಸಿ.

ಟರ್ಮಿನಲ್‌ಪ್ರಿಯ:

ಹೆಸರುಗಳ ಗೊಂದಲವನ್ನು ಮೊದಲು ಬಿಡಿಸಿಕೊಳ್ಳೋಣ. ಡಿಸ್ಕಿಗೆ ಹೋಗುವ ಪ್ರತಿಯೊಂದು ಸೆಕ್ಟರನ್ನು, ಅಂದರೆ ದತ್ತಾಂಶದ ಚಿಕ್ಕ ತುಂಡನ್ನು, ಗೂಢಲಿಪಿಗೆ ತಿರುಗಿಸುವ, ಓದುವಾಗ ಮತ್ತೆ ಮೂಲರೂಪಕ್ಕೆ ತರುವ ಕೆಲಸವನ್ನು ಮಾಡುವುದು ಲಿನಕ್ಸ್‌ನ ತಿರುಳಾದ ಕರ್ನೆಲ್‌ನ ಒಳಗಿರುವ ಡಿಎಂ-ಕ್ರಿಪ್ಟ್; ಇದು 2004ರಲ್ಲಿ ಬಂದ 2.6.4ನೇ ಕರ್ನೆಲ್‌ನಿಂದ ಇದೆ. ಯಾವ ಗೂಢಲಿಪಿ ವಿಧಾನ, ಯಾವ ಕೀಲಿ, ಎಷ್ಟು ಪಾಸ್‌ವರ್ಡ್‌ಗಳು ಎಂಬ ವಿವರಗಳನ್ನು ಪಾರ್ಟಿಷನ್ನಿನ ಆರಂಭದಲ್ಲಿಯೇ ಒಂದು ಹೆಡರ್ ಆಗಿ ಬರೆದಿಡುವ ಪದ್ಧತಿಯೇ ಲಕ್ಸ್. ಇವೆರಡನ್ನೂ ನಡೆಸಲು ನಾವು ಬಳಸುವ ಸಾಧನ ಕ್ರಿಪ್ಟ್‌ಸೆಟಪ್.

ಮುಖ್ಯ ಸಂಗತಿಯೆಂದರೆ, ನೀವು ಕೊಡುವ ಪಾಸ್‌ವರ್ಡಿನಿಂದ ನೇರವಾಗಿ ದತ್ತಾಂಶ ಎನ್‌ಕ್ರಿಪ್ಟ್ ಆಗುವುದಿಲ್ಲ. ಪಾರ್ಟಿಷನ್ನನ್ನು ಸಿದ್ಧಪಡಿಸುವಾಗ ಯಾದೃಚ್ಛಿಕವಾದ ಒಂದು ಮೂಲಕೀಲಿ ಹುಟ್ಟುತ್ತದೆ, ಎಲ್ಲ ಸೆಕ್ಟರುಗಳೂ ಅದರಿಂದ ಎನ್‌ಕ್ರಿಪ್ಟ್ ಆಗುತ್ತವೆ, ಆ ಮೂಲಕೀಲಿಯನ್ನು ನಿಮ್ಮ ಪಾಸ್‌ವರ್ಡಿನಿಂದ ಬೀಗ ಹಾಕಿ ಹೆಡರಿನ ಒಂದು ಗೂಡಿನಲ್ಲಿ ಇಡಲಾಗುತ್ತದೆ. ಆದ್ದರಿಂದಲೇ ಪಾಸ್‌ವರ್ಡ್ ಬದಲಿಸಿದಾಗ 600 ಜಿಬಿಯನ್ನು ಮತ್ತೆ ಬರೆಯಬೇಕಾಗಿಲ್ಲ. ಗೂಡಿನಲ್ಲಿರುವ ಚಿಕ್ಕ ತುಣುಕನ್ನು ಬದಲಿಸಿದರೆ ಸಾಕು. ಹಳೆಯ ಲಕ್ಸ್1ರಲ್ಲಿ ಇಂಥ 8 ಗೂಡುಗಳಿದ್ದವು. 2017ರ ಕೊನೆಯಲ್ಲಿ ಕ್ರಿಪ್ಟ್‌ಸೆಟಪ್ 2.0ರೊಂದಿಗೆ ಬಂದ ಲಕ್ಸ್2ರಲ್ಲಿ 32ರವರೆಗೆ ಇರಬಹುದು. ಬೇರೆ ಬೇರೆ ಗೂಡುಗಳಿಗೆ ಬೇರೆ ಬೇರೆ ಪಾಸ್‌ವರ್ಡ್ ಕೊಡಬಹುದು. ಯಾವುದೇ ಒಂದರಿಂದಲೂ ಬಾಗಿಲು ತೆರೆಯುತ್ತದೆ.

ವೆರಾಕ್ರಿಪ್ಟ್ ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲಿಯೂ ನಡೆಯುತ್ತದೆ. ಆದರೆ ಕಾರ್ಯಾಚರಣ ವ್ಯವಸ್ಥೆ ಇರುವ ಪಾರ್ಟಿಷನ್ನನ್ನೇ ಎನ್‌ಕ್ರಿಪ್ಟ್ ಮಾಡುವ ಸೌಲಭ್ಯ ಅದರಲ್ಲಿ ವಿಂಡೋಸ್‌ಗೆ ಮಾತ್ರ ಇದೆ. ಇದರ ಜೊತೆಗೆ, ಅದರ ಸಂಕೇತದ ಒಂದು ಭಾಗ ಇನ್ನೂ ಅದರ ಪೂರ್ವಜ ತಂತ್ರಾಂಶವಾದ ಟ್ರೂಕ್ರಿಪ್ಟ್‌ನ ಹಳೆಯ ಪರವಾನಗಿಯಡಿ ಇರುವುದರಿಂದ ಡೆಬಿಯನ್, ಫೆಡೋರಾದಂಥ ಲಿನಕ್ಸ್ ವಿತರಣೆಗಳು ಅದನ್ನು ತಮ್ಮ ಭಂಡಾರಕ್ಕೆ ಸೇರಿಸಿಕೊಂಡಿಲ್ಲ. ಮುಕ್ತ ತಂತ್ರಾಂಶವೇ ಬೇಕೆಂದು ನೀವು ಹೇಳಿರುವುದರಿಂದ ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನನ್ನ ಅಭಿಪ್ರಾಯದಲ್ಲಿ 600 ಜಿಬಿಗೆ ಲಕ್ಸ್2 ಇರಲಿ. ವಿಂಡೋಸ್‌ಗೆ ಒಯ್ಯಬೇಕಾದ ಕೆಲವೇ ಕಡತಗಳಿಗೆ ಬೇರೊಂದು ಪೆನ್‌ಡ್ರೈವಿನಲ್ಲಿ ವೆರಾಕ್ರಿಪ್ಟ್ ಇರಲಿ. ವೆರಾಕ್ರಿಪ್ಟ್‌ನಲ್ಲಿ ಮಾಡಿದ್ದನ್ನು ಲಿನಕ್ಸ್‌ನಲ್ಲಿ ಕ್ರಿಪ್ಟ್‌ಸೆಟಪ್ ಒಂದರಿಂದಲೇ ತೆರೆಯಬಹುದು. ಅಲ್ಲಿ ವೆರಾಕ್ರಿಪ್ಟನ್ನು ಅನುಸ್ಥಾಪಿಸುವ ಅಗತ್ಯವೂ ಇಲ್ಲ.

ಅರ್ಧರಾತ್ರಿ:

ಟ್ರೂಕ್ರಿಪ್ಟ್ ಹೆಸರು ಬಂದದ್ದರಿಂದ ಕೇಳುತ್ತಿದ್ದೇನೆ. 2014ರ ಮೇ 28ರಂದು ಅದರ ಅನಾಮಿಕ ಕರ್ತೃಗಳು, ಇದರಲ್ಲಿ ಸರಿಪಡಿಸದ ಲೋಪಗಳಿರಬಹುದು ಎಂಬ ಒಂದು ಸಾಲನ್ನು ಬರೆದಿಟ್ಟು ಯೋಜನೆಯನ್ನೇ ಮುಚ್ಚಿಬಿಟ್ಟರು. ಅದರ ಸಂಕೇತವನ್ನೇ ಆಧರಿಸಿದ ವೆರಾಕ್ರಿಪ್ಟನ್ನು ನಂಬುವುದು ಹೇಗೆ?

ಟರ್ಮಿನಲ್‌ಪ್ರಿಯ:

ಸಂಕೇತ ಬಹಿರಂಗವಾಗಿದ್ದುದರ ಪ್ರಯೋಜನ ಅಲ್ಲಿಯೇ ಕಂಡಿತು. ಕರ್ತೃಗಳು ಹೊರಟುಹೋದ ಮೇಲೂ ಸ್ವತಂತ್ರ ಪರಿಶೋಧನೆ ಮುಂದುವರಿದು 2015ರ ಏಪ್ರಿಲ್‌ನಲ್ಲಿ ಮುಗಿಯಿತು. ಕೆಲವು ಕುಂದುಗಳು ಸಿಕ್ಕವಾದರೂ ಉದ್ದೇಶಪೂರ್ವಕವಾಗಿ ಇಟ್ಟ ಹಿಂಬಾಗಿಲು ಯಾವುದೂ ಕಾಣಲಿಲ್ಲ. ವೆರಾಕ್ರಿಪ್ಟನ್ನು 2016ರಲ್ಲಿ ಭದ್ರತಾ ಸಂಸ್ಥೆ ಕ್ವಾರ್ಕ್ಸ್‌ಲ್ಯಾಬ್ ಪರಿಶೀಲಿಸಿದಾಗ ಗಂಭೀರ ದೋಷಗಳೇ ಸಿಕ್ಕಿ, ಬಹುಪಾಲು 1.19ನೇ ಆವೃತ್ತಿಯಲ್ಲಿ ಸರಿಹೋದವು. ಪಾಸ್‌ವರ್ಡಿನಿಂದ ಕೀಲಿಯನ್ನು ಪಡೆಯುವಾಗ ಟ್ರೂಕ್ರಿಪ್ಟ್ 1,000 ಅಥವಾ 2,000 ಸುತ್ತುಗಳಲ್ಲಿ ಮುಗಿಸುತ್ತಿದ್ದ ಲೆಕ್ಕಾಚಾರವನ್ನು ವೆರಾಕ್ರಿಪ್ಟ್ ಸಾಮಾನ್ಯ ಪಾರ್ಟಿಷನ್‌ಗಳಿಗೆ 5,00,000 ಸುತ್ತುಗಳಿಗೆ ಏರಿಸಿದೆ. ತೆರೆಯುವಾಗ ನಿಮಗೆ ಒಂದೆರಡು ಕ್ಷಣ ತಡವಾಗಬಹುದು. ಪಾಸ್‌ವರ್ಡನ್ನು ಊಹಿಸಲು ಹೊರಟವನಿಗೆ ಮಾತ್ರ ಪ್ರತಿಯೊಂದು ಊಹೆಗೂ ಅಷ್ಟೇ ತಡ.

ಸೊನ್ನೆಒಂದು:

ಇಷ್ಟೆಲ್ಲ ಏಕೆ? ಈಗಿನ ಎಸ್‌ಎಸ್‌ಡಿಗಳು ಯಂತ್ರಾಂಶದಲ್ಲಿಯೇ ತಾವಾಗಿ ಎನ್‌ಕ್ರಿಪ್ಟ್ ಮಾಡಿಕೊಳ್ಳುತ್ತವೆಯಲ್ಲವೇ?

ಅರ್ಧರಾತ್ರಿ:

ಆ ಮಾತನ್ನು ನಂಬಿ ಕೆಟ್ಟವರಿದ್ದಾರೆ. ನೆದರ್‌ಲೆಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಹಲವು ಪ್ರಚಲಿತ ಎಸ್‌ಎಸ್‌ಡಿಗಳನ್ನು ಬಿಚ್ಚಿ ನೋಡಿದಾಗ, ಕೆಲವದರಲ್ಲಿ ಬಳಕೆದಾರರ ಪಾಸ್‌ವರ್ಡಿಗೂ ದತ್ತಾಂಶದ ಕೀಲಿಗೂ ಸಂಬಂಧವೇ ಇಲ್ಲದಿರುವುದು ಬಯಲಾಯಿತು. ಪಾಸ್‌ವರ್ಡ್ ಸರಿಯೇ ಎಂದು ಹೋಲಿಸಿ ನೋಡುವ ಫರ್ಮ್‌ವೇರಿನ (ಎಸ್‌ಎಸ್‌ಡಿಯೊಳಗೇ ಇರುವ ತಂತ್ರಾಂಶದ) ಒಂದು ಹೆಜ್ಜೆಯನ್ನು ತಪ್ಪಿಸಿದರೆ ಎಲ್ಲವೂ ತೆರೆದುಕೊಳ್ಳುತ್ತಿತ್ತು. ಫರ್ಮ್‌ವೇರಿನ ಸಂಕೇತ ಮುಚ್ಚಿದ್ದರಿಂದ ಅದು ಅಷ್ಟು ದಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಹಳೆಯಡಿಸ್ಕು:

ತಂತ್ರಾಂಶದ ಆಯ್ಕೆಯ ಬಗೆಗಿನ ಮಾತುಗಳನ್ನು ನಾನು ಒಪ್ಪುತ್ತೇನೆ. ಆದರೆ ಕಳ್ಳರ ಭಯದಿಂದ ಎನ್‌ಕ್ರಿಪ್ಟ್ ಮಾಡಿದವರು ದತ್ತಾಂಶವನ್ನು ಕಳೆದುಕೊಳ್ಳುವುದು ಸಾಮಾನ್ಯವಾಗಿ ಕಳ್ಳರಿಂದಲ್ಲ, ತಮ್ಮ ಕೈಯಿಂದಲೇ. ಕಡತಪಾಲಕ ಅವರು ಮುಂದುವರಿಯುವ ಮೊದಲು ನನಗೆ ಆದದ್ದನ್ನು ಕೇಳಬೇಕು.

ನನ್ನ 2 ಟಿಬಿಯ ಹೊರ ಡಿಸ್ಕೊಂದನ್ನು, ಪಾರ್ಟಿಷನ್ ಪಟ್ಟಿಯನ್ನೂ ಮಾಡದೆ, ಇಡಿಯಾಗಿ ಲಕ್ಸ್1ರಲ್ಲಿ ಎನ್‌ಕ್ರಿಪ್ಟ್ ಮಾಡಿದ್ದೆ. ಒಮ್ಮೆ ಅದನ್ನು ಬೇರೊಬ್ಬರ ಗಣಕಕ್ಕೆ ಜೋಡಿಸಿದಾಗ, ಈ ಡಿಸ್ಕ್ ಇನ್ನೂ ಸಿದ್ಧವಾಗಿಲ್ಲ, ಸಿದ್ಧಪಡಿಸಲೇ ಎಂಬ ಪ್ರಶ್ನೆ ಪರದೆಯ ಮೇಲೆ ಬಂತು. ಬೇರೆ ಯಾವುದೋ ಮಾತಿನಲ್ಲಿದ್ದ ನಾನು ಸರಿ ಎಂದು ಒತ್ತಿಬಿಟ್ಟೆ. ಒಂದು ಸೆಕೆಂಡೂ ಹಿಡಿಯಲಿಲ್ಲ. ಜಿಪಿಟಿ ಎಂಬ ಹೊಸ ಪಾರ್ಟಿಷನ್ ಪಟ್ಟಿ ಡಿಸ್ಕಿನ ಆರಂಭದ 34 ಸೆಕ್ಟರುಗಳಲ್ಲಿ, ಅಂದರೆ 17,408 ಬೈಟುಗಳಲ್ಲಿ ಕುಳಿತಿತು. ಉಳಿದ 2 ಟಿಬಿ ಹಾಗೆಯೇ ಇತ್ತು, ಪಾಸ್‌ವರ್ಡ್ ಬಾಯಿಪಾಠವಾಗಿತ್ತು. ಆದರೂ ಒಂದು ಕಡತವೂ ಮರಳಿ ಸಿಗಲಿಲ್ಲ.

ಏಕೆಂದು ಆಮೇಲೆ ಕುಳಿತು ಓದಿಕೊಂಡೆ. ಲಕ್ಸ್1ರ ಹೆಡರಿನ ಮೊದಲ 592 ಬೈಟುಗಳಲ್ಲಿ ಪಾಸ್‌ವರ್ಡಿನೊಂದಿಗೆ ಬೆರೆಸುವ ಸಾಲ್ಟ್ ಎಂಬ ಯಾದೃಚ್ಛಿಕ ಬೈಟುಗಳು ಮುಂತಾದ ವಿವರಗಳಿರುತ್ತವೆ, ಅವು ಹೋದವು. ಮೊದಲ ಗೂಡು ಆರಂಭವಾಗುವುದು 4,096ನೇ ಬೈಟಿನಲ್ಲಿ. ಅದರ ತಲೆಭಾಗವೂ ಹೋಯಿತು. ಗೂಡಿನಲ್ಲಿರುವ ಕೀಲಿಯನ್ನು ಲಕ್ಸ್ ಇದ್ದ ಗಾತ್ರದಲ್ಲಿಯೇ ಇಡುವುದಿಲ್ಲ. 64 ಬೈಟುಗಳ ಕೀಲಿಯನ್ನು 4,000 ಪಟ್ಟು ಹಿಗ್ಗಿಸಿ 2,56,000 ಬೈಟುಗಳಾಗಿ ಹರಡುತ್ತದೆ, ಅದರಲ್ಲಿ ಯಾವ ಚೂರು ಹಾಳಾದರೂ ಕೀಲಿ ಮತ್ತೆ ಕೂಡಿಬರದಂತೆ ಹೆಣೆದಿರುತ್ತದೆ. ಅಳಿಸಿಹಾಕಿದ ಪಾಸ್‌ವರ್ಡಿನ ಗೂಡು ಡಿಸ್ಕಿನ ಮೂಲೆಯಲ್ಲಿ ಎಲ್ಲೋ ಅರೆಬರೆ ಉಳಿದುಕೊಂಡು ಕಳ್ಳನಿಗೆ ನೆರವಾಗಬಾರದೆಂಬುದು ಅದರ ಉದ್ದೇಶ. ಅದು ತನ್ನ ಕೆಲಸವನ್ನು ಚೊಕ್ಕವಾಗಿಯೇ ಮಾಡಿತು. ಎದುರಿಗಿದ್ದವನು ಕಳ್ಳನೋ ಒಡೆಯನೋ ಎಂಬುದು ಅದಕ್ಕೆ ಗೊತ್ತಾಗುವುದು ಹೇಗೆ?

ಲಕ್ಸ್2ರಲ್ಲಿ ಹೆಡರಿನ ವಿವರಗಳಿಗೆ ಎರಡನೆಯ ಪ್ರತಿ ಇರುತ್ತದೆ ಎಂದು ಯಾರಾದರೂ ಹೇಳಬಹುದು. ನಿಜ, ಆದರೆ ಕೀಲಿಯ ಗೂಡುಗಳಿಗೆ ಅಲ್ಲಿಯೂ ಎರಡನೆಯ ಪ್ರತಿ ಇಲ್ಲ. ಆದ್ದರಿಂದ ಪಾರ್ಟಿಷನ್ ಸಿದ್ಧವಾದ ದಿನವೇ ಕ್ರಿಪ್ಟ್‌ಸೆಟಪ್‌ನ ಲಕ್ಸ್‌ಹೆಡರ್‌ಬ್ಯಾಕಪ್ ಆಜ್ಞೆಯನ್ನು ಕೊಟ್ಟು, ಸಿಕ್ಕ ಕಡತವನ್ನು ಬೇರೆ ಸಾಧನದಲ್ಲಿ ಇಡಬೇಕು. ಲಕ್ಸ್2ರಲ್ಲಿ ಅದರ ಗಾತ್ರ ಸಾಮಾನ್ಯವಾಗಿ 16 ಎಂಬಿ, ಅಷ್ಟೇ. ಅದನ್ನು ಅದೇ ಎನ್‌ಕ್ರಿಪ್ಟ್ ಆದ ಪಾರ್ಟಿಷನ್ನಿನೊಳಗೆ ಇಟ್ಟವರನ್ನೂ ನಾನು ಕಂಡಿದ್ದೇನೆ. ಅದು ಪೆಟ್ಟಿಗೆಯ ಕೀಲಿಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದಂತೆ.

ಇನ್ನೊಂದು ಎಚ್ಚರಿಕೆ. ಹೆಡರಿನ ಹಳೆಯ ಪ್ರತಿ ಹಳೆಯ ಪಾಸ್‌ವರ್ಡಿಗೆ ತೆರೆದುಕೊಳ್ಳುತ್ತದೆ. ಪಾಸ್‌ವರ್ಡ್ ಬೇರೆಯವರಿಗೆ ತಿಳಿದುಹೋಯಿತೆಂದು ನೀವು ಅದನ್ನು ಬದಲಿಸಿದರೂ ಆ ಹಳೆಯ ಪ್ರತಿ ಅವರ ಕೈಗೆ ಸಿಕ್ಕರೆ ಬದಲಿಸಿದ್ದು ವ್ಯರ್ಥ, ಏಕೆಂದರೆ ಒಳಗಿನ ಮೂಲಕೀಲಿ ಬದಲಾಗಿರುವುದಿಲ್ಲ. ಅಂಥ ಸಂದರ್ಭದಲ್ಲಿ ಇಡೀ ಪಾರ್ಟಿಷನ್ನನ್ನು ಹೊಸ ಮೂಲಕೀಲಿಯಿಂದ ಮತ್ತೆ ಎನ್‌ಕ್ರಿಪ್ಟ್ ಮಾಡಬೇಕಾಗುತ್ತದೆ.

ಕಡತಪಾಲಕ:

ಹಳೆಯಡಿಸ್ಕು ಅವರೇ, ನಿಮ್ಮ ಅನುಭವವನ್ನು ಓದಿ ಎದೆ ಝಲ್ಲೆಂದಿತು. ಹಾಗಾದರೆ ಒಳಗಿನ ದತ್ತಾಂಶವನ್ನು ಹಾಗೆಯೇ ಇಟ್ಟುಕೊಂಡು ಎನ್‌ಕ್ರಿಪ್ಟ್ ಮಾಡುವ ಯೋಚನೆಯನ್ನೇ ಬಿಡಬೇಕೇ?

ಟರ್ಮಿನಲ್‌ಪ್ರಿಯ:

ಮಾಡಲು ಸಾಧ್ಯವಿದೆ. ಹೆಡರಿಗೆ ಜಾಗ ಬೇಕಾಗುವುದರಿಂದ, ಪಾರ್ಟಿಷನ್ನನ್ನು ಅನ್‌ಮೌಂಟ್ ಮಾಡಿ (ಬಳಕೆಯಿಂದ ಬಿಡಿಸಿ), ಕಡತ ವ್ಯವಸ್ಥೆಯನ್ನು ಪರೀಕ್ಷಿಸಿ, ಅದನ್ನು ಕನಿಷ್ಠ 32 ಎಂಬಿಯಷ್ಟು ಕುಗ್ಗಿಸಬೇಕು. ಅನಂತರ ಕ್ರಿಪ್ಟ್‌ಸೆಟಪ್‌ನ ರೀಎನ್‌ಕ್ರಿಪ್ಟ್ ಆಜ್ಞೆಗೆ, ಇದು ಹೊಸದಾಗಿ ಎನ್‌ಕ್ರಿಪ್ಟ್ ಮಾಡುವ ಕೆಲಸವೆಂದೂ ಕೊನೆಯ 32 ಎಂಬಿಯನ್ನು ಬಳಸಿಕೊಳ್ಳಬಹುದೆಂದೂ ಸೂಚಿಸಿದರೆ, ಅದು ದತ್ತಾಂಶವನ್ನು ತುಣುಕು ತುಣುಕಾಗಿ ಮುಂದಕ್ಕೆ ಸರಿಸುತ್ತ ಎನ್‌ಕ್ರಿಪ್ಟ್ ಮಾಡುತ್ತ ಹೋಗುತ್ತದೆ. ನಡುವೆ ವಿದ್ಯುತ್ ಹೋದರೂ ನಿಂತಲ್ಲಿಂದ ಮುಂದುವರಿಸುವ ವ್ಯವಸ್ಥೆ ಇದೆ. ಈ ವ್ಯವಸ್ಥೆಯಲ್ಲಿಯೇ ಒಂದು ದೋಷವಿತ್ತು: ಡಿಸ್ಕ್ ಕೈಗೆ ಸಿಕ್ಕವನು ಹೆಡರನ್ನು ತಿದ್ದಿಟ್ಟರೆ, ಒಡೆಯ ಮುಂದಿನ ಬಾರಿ ತೆರೆದಾಗ ಸ್ವಲ್ಪ ಭಾಗ ಗೂಢಲಿಪಿಯಿಂದ ಹೊರಬರುವ ಸಾಧ್ಯತೆ ಇತ್ತು. 2022ರ ಜನವರಿಯಲ್ಲಿ 2.4.3 ಮತ್ತು 2.3.7ನೇ ಆವೃತ್ತಿಗಳಲ್ಲಿ ಅದನ್ನು ಮುಚ್ಚಿದರು. ಅದಕ್ಕಿಂತ ಹಳೆಯ ಕ್ರಿಪ್ಟ್‌ಸೆಟಪ್ ನಿಮ್ಮಲ್ಲಿದ್ದರೆ ಮೊದಲು ಅದನ್ನು ನವೀಕರಿಸಿಕೊಳ್ಳಿ.

ನಿಮ್ಮ ಕಡತ ವ್ಯವಸ್ಥೆ ಇಎಕ್ಸ್‌ಟಿ4 ಆಗಿದ್ದರೆ ಸುಲಭವಾಗಿ ಕುಗ್ಗುತ್ತದೆ. ಎಕ್ಸ್‌ಎಫ್‌ಎಸ್ ಇದ್ದರೆ ಈ ದಾರಿ ನಡೆಯುವುದಿಲ್ಲ.

ಹಳೆಯಡಿಸ್ಕು:

ಸಾಧ್ಯವಿದೆ ಎಂಬುದಕ್ಕೆ ನನ್ನ ತಕರಾರಿಲ್ಲ. ಆದರೆ ಬ್ಯಾಕಪ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು ಎಂದು ಕ್ರಿಪ್ಟ್‌ಸೆಟಪ್‌ನವರೇ ಹೇಳುತ್ತಾರೆ. 600 ಜಿಬಿಗೂ ಬ್ಯಾಕಪ್ ಮಾಡಿಕೊಂಡ ಮೇಲೆ, ಪಾರ್ಟಿಷನ್ನನ್ನು ಹೊಸದಾಗಿ ಲಕ್ಸ್‌ಫಾರ್ಮ್ಯಾಟ್ ಮಾಡಿ ಎಲ್ಲವನ್ನೂ ಮರಳಿ ನಕಲಿಸುವುದೇ ನೇರವಾದ ದಾರಿ. ಹಾಗೆ ಮಾಡಿದರೆ ನಿಮ್ಮ ಬ್ಯಾಕಪ್ ನಿಜವಾಗಿ ಓದಲು ಬರುತ್ತದೆಯೇ ಎಂಬುದೂ ಪರೀಕ್ಷೆಯಾಗುತ್ತದೆ.

ಸೊನ್ನೆಒಂದು:

ಪಾಸ್‌ವರ್ಡಿನ ಮಾತು ಬಂದದ್ದರಿಂದ ನನ್ನದೊಂದು ಯೋಜನೆಯನ್ನು ಮುಂದಿಡುತ್ತೇನೆ. ಪಾಸ್‌ವರ್ಡನ್ನು ಕನ್ನಡ ಲಿಪಿಯಲ್ಲಿಯೇ ಇಟ್ಟರೆ ಊಹಿಸುವವರಿಗೆ ಇನ್ನಷ್ಟು ಕಷ್ಟವಲ್ಲವೇ?

ಅರ್ಧರಾತ್ರಿ:

ಊಹಿಸುವವರಿಗಿಂತ ಹೆಚ್ಚಿನ ಕಷ್ಟ ನಿಮಗೇ ಆದೀತು. ಕ್ರಿಪ್ಟ್‌ಸೆಟಪ್ ಅಕ್ಷರಗಳನ್ನು ನೋಡುವುದಿಲ್ಲ, ಬೈಟುಗಳನ್ನು ನೋಡುತ್ತದೆ. "ಕೋ" ಎಂಬುದನ್ನು ಯೂನಿಕೋಡಿನಲ್ಲಿ ಕಕಾರಕ್ಕೆ ಓಕಾರದ ಒಂದೇ ಚಿಹ್ನೆಯನ್ನು ಸೇರಿಸಿ ಬರೆಯಬಹುದು. ಎಕಾರ, ಊಕಾರ ಮತ್ತು ದೀರ್ಘದ ಚಿಹ್ನೆಗಳನ್ನು ಒಂದರ ಹಿಂದೊಂದು ಜೋಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಬೈಟುಗಳಲ್ಲಿ ಬೇರೆ ಬೇರೆ. ಅರ್ಕಾವೊತ್ತು ಬರದಂತೆ ತಡೆಯಲು ಕೀಲಿಮಣೆಯ ತಂತ್ರಾಂಶಗಳು ಸೇರಿಸುವ ಅದೃಶ್ಯ ಚಿಹ್ನೆಗಳಂತೂ ಕಣ್ಣಿಗೇ ಕಾಣುವುದಿಲ್ಲ. ಇಂದು ಒಂದು ಕೀಲಿಮಣೆ ವಿನ್ಯಾಸದಲ್ಲಿ ಇಟ್ಟ ಪಾಸ್‌ವರ್ಡ್ ನಾಳೆ ಇನ್ನೊಂದರಲ್ಲಿ ಹೊಂದದೇ ಹೋದರೆ, ತಪ್ಪು ಎಲ್ಲಿದೆಯೆಂದು ಹುಡುಕಲು ದಾರಿಯೇ ಇರುವುದಿಲ್ಲ. ಗಣಕ ಆರಂಭವಾಗುವ ಹಂತದಲ್ಲಿ ಪಾಸ್‌ವರ್ಡ್ ಕೇಳುವಾಗ ಕನ್ನಡ ಮೂಡಿಸುವ ಸೌಲಭ್ಯ ಸಾಮಾನ್ಯವಾಗಿ ಇರುವುದೇ ಇಲ್ಲ.

ಕನ್ನಡ ಪದಗಳನ್ನು ರೋಮನ್ ಅಕ್ಷರಗಳಲ್ಲಿ, ಸಣ್ಣಕ್ಷರದಲ್ಲಿ ಮಾತ್ರ ಬರೆಯಿರಿ. ಗಾದೆ, ವಚನ, ಹಾಡಿನ ಸಾಲುಗಳು ಬೇಡ. ಪದಗಳ ಆಯ್ಕೆಯನ್ನು ದಾಳಕ್ಕೆ ಬಿಡಬೇಕು. ಡೈಸ್‌ವೇರ್ ವಿಧಾನದಲ್ಲಿ ದಾಳವನ್ನು ಐದು ಬಾರಿ ಎಸೆದರೆ 7,776 ಪದಗಳ ಪಟ್ಟಿಯಿಂದ ಒಂದು ಪದ ಸಿಗುತ್ತದೆ. ಹೀಗೆ ಆರಿಸಿದ ಆರು ಪದಗಳು ಸುಮಾರು 77 ಬಿಟ್‌ಗಳ ಬಲವನ್ನು ಕೊಡುತ್ತವೆ. ಆರೂ ಅರ್ಥವಿಲ್ಲದೆ ಅಕ್ಕಪಕ್ಕ ಕುಳಿತಿರುತ್ತವೆ; ಆ ಅಸಂಬದ್ಧತೆಯಿಂದಲೇ ಅವು ನೆನಪಿನಲ್ಲಿ ಉಳಿಯುತ್ತವೆ ಎಂಬುದು ನನ್ನ ಅನುಭವ.

ಟರ್ಮಿನಲ್‌ಪ್ರಿಯ:

ವೇಗದ ಪ್ರಶ್ನೆ ಉಳಿದುಹೋಗಿದೆ. ಇಂದಿನ ಬಹುತೇಕ ಪ್ರೊಸೆಸರುಗಳಲ್ಲಿ ಎಇಎಸ್ ಎಂಬ ಗೂಢಲಿಪಿ ವಿಧಾನಕ್ಕೆಂದೇ ಸೂಚನೆಗಳಿರುವುದರಿಂದ, ತಿರುಗುವ ಹಾರ್ಡ್ ಡಿಸ್ಕಿನಲ್ಲಿ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಅತಿವೇಗದ ಎಸ್‌ಎಸ್‌ಡಿಯಲ್ಲಿ ಅಳೆದು ನೋಡಿದರೆ ಕಾಣಬಹುದು. ಕ್ರಿಪ್ಟ್‌ಸೆಟಪ್‌ನ ಬೆಂಚ್‌ಮಾರ್ಕ್ ಆಜ್ಞೆಯಿಂದ ನಿಮ್ಮ ಯಂತ್ರದ ವೇಗವನ್ನು ನೀವೇ ನೋಡಿಕೊಳ್ಳಿ. ಒಂದು ಮಾತು ಮಾತ್ರ ನೆನಪಿರಲಿ. ಲಕ್ಸ್2 ಪಾಸ್‌ವರ್ಡನ್ನು ಪರಿಶೀಲಿಸಲು ಬಳಸುವ ಆರ್ಗಾನ್2 ವಿಧಾನವು, ಊಹಿಸುವವರ ಯಂತ್ರಗಳನ್ನು ಕಟ್ಟಿಹಾಕಲೆಂದೇ, 1 ಜಿಬಿಯವರೆಗೆ ಸ್ಮೃತಿಯನ್ನು (ರ‍್ಯಾಮ್) ಬೇಡುತ್ತದೆ; ಆದ್ದರಿಂದ ಬಲವಾದ ಗಣಕದಲ್ಲಿ ಮಾಡಿದ ಪಾರ್ಟಿಷನ್ ಕಡಿಮೆ ಸ್ಮೃತಿಯ ಪುಟ್ಟ ಗಣಕದಲ್ಲಿ ತೆರೆಯದೇ ಹೋಗಬಹುದು.

ಅರ್ಧರಾತ್ರಿ:

ಎರಡನೆಯ ಪಾರ್ಟಿಷನ್ ಒಂದನ್ನೇ ಎನ್‌ಕ್ರಿಪ್ಟ್ ಮಾಡುವ ಮೂಲ ಯೋಜನೆಯ ಬಗ್ಗೆಯೇ ನನಗೆ ಅನುಮಾನವಿದೆ. ನೀವು ತೆರೆದ ಚಿತ್ರಗಳ ಕಿರುರೂಪಗಳು ಮೊದಲನೆಯ ಪಾರ್ಟಿಷನ್ನಿನ ನಿಮ್ಮ ಮನೆಕೋಶದಲ್ಲಿ ಸಂಗ್ರಹವಾಗುತ್ತವೆ. ಇತ್ತೀಚೆಗೆ ತೆರೆದ ಕಡತಗಳ ಹೆಸರುಗಳು, ಹುಡುಕಾಟದ ಸೂಚಿ, ತಾತ್ಕಾಲಿಕ ಪ್ರತಿಗಳು ಅಲ್ಲಿಯೇ ಇರುತ್ತವೆ. ಸ್ಮೃತಿ ಸಾಲದಾದಾಗ ಅದರ ಬದಲಿಗೆ ಬಳಸುವ ಡಿಸ್ಕಿನ ಜಾಗವಾದ ಸ್ವ್ಯಾಪ್‌ಗೆ ಏನು ಹೋಯಿತೆಂಬುದು ಯಾರಿಗೂ ತಿಳಿಯದು. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟಂತಾಗುತ್ತದೆ. ಆಗುವುದಾದರೆ ಎರಡೂ ಪಾರ್ಟಿಷನ್‌ಗಳನ್ನು, ಸ್ವ್ಯಾಪನ್ನೂ ಸೇರಿಸಿ, ಎನ್‌ಕ್ರಿಪ್ಟ್ ಮಾಡಿ. ಪ್ರಮುಖ ಲಿನಕ್ಸ್ ವಿತರಣೆಗಳು ಅನುಸ್ಥಾಪಿಸುವಾಗಲೇ ಈ ಆಯ್ಕೆಯನ್ನು ಕೊಡುತ್ತವೆ.

ಲ್ಯಾಪ್‌ಟಾಪನ್ನು ಬರಿದೆ ಮಡಚಿ ಪ್ರಯಾಣ ಹೊರಡಬೇಡಿ. ಗಣಕ ನಿದ್ರಿಸುತ್ತಿರುವಾಗ ಮೂಲಕೀಲಿ ಸ್ಮೃತಿಯಲ್ಲಿಯೇ ಇರುತ್ತದೆ. ವಿದ್ಯುತ್ ನಿಂತ ಮೇಲೂ ಸ್ಮೃತಿಯ ಚಿಪ್‌ಗಳನ್ನು ತಣ್ಣಗಿರಿಸಿ ಅವುಗಳಿಂದ ಕೀಲಿಯನ್ನು ಹೆಕ್ಕಬಹುದೆಂದು ಪ್ರಿನ್ಸ್‌ಟನ್‌ನ ಸಂಶೋಧಕರು 2008ರಲ್ಲಿಯೇ ತೋರಿಸಿದ್ದಾರೆ. ಪೂರ್ತಿಯಾಗಿ ಆರಿಸಿ ಹೊರಡುವುದೇ ಕ್ಷೇಮ.

ಸೊನ್ನೆಒಂದು:

ಎಸ್‌ಎಸ್‌ಡಿಯಲ್ಲಿ ಟ್ರಿಮ್, ಅಂದರೆ ಖಾಲಿಯಾದ ಸೆಕ್ಟರುಗಳು ಯಾವುವೆಂದು ಡಿಸ್ಕಿಗೆ ತಿಳಿಸುವ ಆಜ್ಞೆಯನ್ನು, ಬಿಡಬೇಕೇ, ತಡೆಯಬೇಕೇ?

ಟರ್ಮಿನಲ್‌ಪ್ರಿಯ:

ಬಿಟ್ಟರೆ ಯಾವ ಸೆಕ್ಟರುಗಳು ಖಾಲಿ ಎಂಬುದು ಹೊರಗಿನವರಿಗೆ ತಿಳಿಯುತ್ತದೆ, ಒಳಗಿರುವುದೇನೆಂದು ತಿಳಿಯುವುದಿಲ್ಲ. ಕಳ್ಳತನದ ಭಯವಷ್ಟೇ ಇರುವವರು ಬಿಡಬಹುದು. ಡಿಎಂ-ಕ್ರಿಪ್ಟ್ ತಾನಾಗಿ ಬಿಡುವುದಿಲ್ಲ, ನೀವೇ ಹೇಳಬೇಕು.

ಕಡತಪಾಲಕ:

ಎಲ್ಲರಿಗೂ ಕೃತಜ್ಞತೆಗಳು. ಎರಡು ವಾರಗಳ ನಂತರ ಬರೆಯುತ್ತಿದ್ದೇನೆ. ಅರ್ಧರಾತ್ರಿ ಅವರ ಮಾತಿನಂತೆ ಲಿನಕ್ಸನ್ನು ಹೊಸದಾಗಿ ಅನುಸ್ಥಾಪಿಸಿ, ಎರಡೂ ಪಾರ್ಟಿಷನ್‌ಗಳನ್ನು ಲಕ್ಸ್2ರಲ್ಲಿ ಎನ್‌ಕ್ರಿಪ್ಟ್ ಮಾಡಿದೆ. ದತ್ತಾಂಶದ ಪಾರ್ಟಿಷನ್ನಿಗೆ ಪ್ರತ್ಯೇಕ ಪಾಸ್‌ವರ್ಡ್ ಕೇಳದಂತೆ ಅದರ ಕೀಲಿ ಕಡತವನ್ನು ಮೊದಲನೆಯದರೊಳಗೆ ಇಟ್ಟಿದ್ದೇನೆ. ಮೊದಲನೆಯದೂ ಎನ್‌ಕ್ರಿಪ್ಟ್ ಆಗಿರುವುದರಿಂದ ಇದು ಸರಿಯೆಂದು ಭಾವಿಸಿದ್ದೇನೆ. ಎರಡನೆಯ ಗೂಡಿನಲ್ಲಿ ದಾಳ ಆರಿಸಿಕೊಟ್ಟ ಆರು ಪದಗಳಿವೆ, ಅವನ್ನು ಕಾಗದದಲ್ಲಿ ಬರೆದು ಅಕ್ಕನ ಬಳಿ ಕೊಟ್ಟಿದ್ದೇನೆ. ಹೆಡರುಗಳ ಪ್ರತಿ ಪೆನ್‌ಡ್ರೈವಿನಲ್ಲಿದೆ. ಹಳೆಯಡಿಸ್ಕು ಅವರ ಕಥೆಯಿಂದ ಹುಟ್ಟಿದ ಭಯದಿಂದ, ಪಾರ್ಟಿಷನ್ನನ್ನು ಅದರ ಸ್ವಂತ ಹೆಡರನ್ನು ಬಿಟ್ಟು ಪೆನ್‌ಡ್ರೈವಿನ ಪ್ರತಿಯಿಂದಲೇ ತೆರೆದು ನೋಡಿದೆ. ತೆರೆಯಿತು. ವೇಗದಲ್ಲಿ ನನಗೆ ಯಾವ ವ್ಯತ್ಯಾಸವೂ ಕಾಣುತ್ತಿಲ್ಲ.

ಟರ್ಮಿನಲ್‌ಪ್ರಿಯ:

ಕೀಲಿ ಕಡತದ ವ್ಯವಸ್ಥೆ ಸರಿಯಾಗಿದೆ. ಅದನ್ನು ರೂಟ್ ಎಂಬ ನಿರ್ವಾಹಕ ಬಳಕೆದಾರ ಮಾತ್ರ ಓದುವಂತೆ ಅನುಮತಿಗಳನ್ನು ಬಿಗಿಗೊಳಿಸಿ.

ಹಳೆಯಡಿಸ್ಕು:

ಪ್ರತಿಯಿಂದ ತೆರೆದು ನೋಡಿದ್ದು ಒಳ್ಳೆಯದಾಯಿತು. ಆ ಕೆಲಸವನ್ನು ಮಾಡುವವರು ಕಡಿಮೆ. ಒಂದು ಪ್ರಶ್ನೆ. ಅನುಸ್ಥಾಪಿಸುವ ಮೊದಲು 600 ಜಿಬಿಯನ್ನು ಎಲ್ಲಿಗೆ ನಕಲಿಸಿದ್ದಿರಿ? ಆ ಡಿಸ್ಕ್ ಈಗ ಎಲ್ಲಿದೆ?

ಕಡತಪಾಲಕ:

ಮೇಜಿನ ಡ್ರಾಯರಿನಲ್ಲಿದೆ. ಎನ್‌ಕ್ರಿಪ್ಟ್ ಆಗದೆಯೇ. ಈ ರಾತ್ರಿಯೇ ಅದರ ಕೆಲಸವನ್ನೂ ಆರಂಭಿಸುತ್ತೇನೆ.